ಸ್ಮೋಕರ್ ಆಮೇಲೆ ತನ್ನಿ, ಮೊದಲು ಸೌದೆ ಲೆಕ್ಕ ಹೇಳಿ

ತೋಟದ ಮನೆ ಕಟ್ಟಿಸಿದವರು ಮೊದಲೆಲ್ಲ ಒಂದು ಉಯ್ಯಾಲೆ ತರ್ತಿದ್ದರು. ಈಗ ಸ್ಮೋಕರ್ ತರ್ತಾರೆ. ಕೊಳ್ಳೇಗಾಲ–ಹನೂರು ರಸ್ತೆ ಇರಲಿ, ಯಳಂದೂರಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿ ಇರಲಿ, ವಾರಕ್ಕೊಂದು ದಿನ ಬೆಂಗಳೂರಿಂದಲೋ ಮೈಸೂರಿಂದಲೋ ಬಂದು ಹೋಗುವವರ ಹಿತ್ತಲಲ್ಲಿ ಕರ್ರಗೆ ಬಣ್ಣ ಹೊಡೆದ, ಹಳೇ ರೈಲ್ವೆ ಎಂಜಿನ್ ಥರ ಕಾಣುವ ಕಬ್ಬಿಣದ ಡಬ್ಬಿಯೊಂದು ಬಂದು ಕೂರ್ತಾ ಇದೆ. ಊರಲ್ಲೇ ಇರುವ ನಮ್ಮ ಹುಡುಗರೂ ಮೊಬೈಲಲ್ಲಿ ವಿಡಿಯೋ ನೋಡಿ, 'ಅಣ್ಣಾ, ಯಾವ್ದು ತಗೊಳೋದು?' ಅಂತ ಕೇಳೋಕೆ ಶುರು ಮಾಡಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: ಎಷ್ಟು ಇಂಚು, ಎಷ್ಟು ಸಾವಿರ, ಯಾವ ಕಂಪನಿ. 'ಸೌದೆ ಎಲ್ಲಿಂದ ತರ್ತೀಯಪ್ಪ?' ಅಂದರೆ ಮಾತ್ರ ಮುಖ ಮುಖ ನೋಡ್ತಾರೆ.

ನಾನು ಸ್ಮೋಕರ್ ವಿರೋಧಿ ಅಲ್ಲ. ಹೊಗೆಯಲ್ಲಿ ನಿಧಾನಕ್ಕೆ ಬೆಂದ ಬಾಡಿನ ರುಚಿ ಬೇಡ ಅನ್ನುವಷ್ಟು ಸನ್ಯಾಸಿಯೂ ಅಲ್ಲ. ನನ್ನ ತಕರಾರು ಇಷ್ಟೇ: ಸೌದೆ ಎಲ್ಲಿಂದ, ಹೊಗೆ ಎಲ್ಲಿಗೆ, ಬೆಂಕಿ ಕಾಯುವವರು ಯಾರು ಅಂತ ಹೇಳಲಾಗದವನಿಗೆ ಈ ನಾಡಿನಲ್ಲಿ ಸ್ಮೋಕರ್ ಇಡುವ ಯೋಗ್ಯತೆ ಇಲ್ಲ. ದುಡ್ಡಿದ್ದರೆ ಡಬ್ಬಿ ಬರುತ್ತೆ, ಯೋಗ್ಯತೆ ಬರಲ್ಲ.

ನಮ್ಮಲ್ಲಿ ಹೊಗೆಗೂ ಅಂತಸ್ತು ಇದೆ, ಗಮನಿಸಿದ್ದೀರಾ? ಮಿಕ್ಕಿದ ಬಾಡಿಗೆ ಉಪ್ಪು ಅರಿಶಿನ ಹಚ್ಚಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಒಣಹಾಕಿ, ಆಮೇಲೆ ಒಲೆ ಮೇಲೆ ತೂಗುಬಿಟ್ಟು ಉಪ್ಪುಕಂಡ ಮಾಡುವುದು ಈ ಸೀಮೆಗೆ ಹೊಸದಲ್ಲ. ಕೇರಿಗಳಲ್ಲಿ ಕೊರಬಾಡು ಅಂತಾರೆ. ಕೊಡಗಿನವರು ಹಂದಿ ಮಾಂಸವನ್ನು ಹೀಗೇ ಒಲೆ ಮೇಲೆ ಹೊಗೆಗಿಟ್ಟು ಮಳೆಗಾಲಕ್ಕೆ ಉಳಿಸಿಕೊಳ್ತಿದ್ದರು. ಆ ವಾಸನೆ ಬರುತ್ತೆ ಅಂತ ಬಾಡಿಗೆಗೆ ಮನೆ ಕೊಡದವರು ನಮ್ಮ ಪಟ್ಟಣಗಳಲ್ಲೇ ಇದ್ದಾರೆ. ಅದೇ ವಾಸನೆಗೆ 'ಸ್ಮೋಕಿ ಫ್ಲೇವರ್' ಅಂತ ಹೆಸರಿಟ್ಟು ತಟ್ಟೆಯಲ್ಲಿ ತಂದುಕೊಟ್ಟರೆ ಫೋಟೋ ಹೊಡ್ಕೊಂಡು ತಿಂತಾರೆ.

ಇನ್ನೊಂದು ನೋಡಿ. 2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದಾಗ ಊರೂರಿಗೂ ಹೇಳಿದ ಮಾತು ಏನು? ಸೌದೆ ಒಲೆಯ ಹೊಗೆ ಹೆಂಗಸರ ಶ್ವಾಸಕೋಶ ತಿನ್ನುತ್ತೆ, ಗ್ಯಾಸ್ ತಗೊಳ್ಳಿ ಅಂತ. ಮಾತು ನಿಜ. ಆದರೆ ಅವಳು ಊದುಗೊಳವೆ ಹಿಡಿದು ಕಣ್ಣೀರು ಸುರಿಸಿದಾಗ ಬಡತನ ಅನ್ನಿಸಿದ್ದು, ಅವನು ಕುರ್ಚಿ ಹಾಕ್ಕೊಂಡು ಕೂತು ಬೆಂಕಿಗೆ ಸೌದೆ ಇಟ್ಟಾಗ ಹವ್ಯಾಸ ಹೇಗಾಯ್ತು?

ಹನೂರು ತಾಲ್ಲೂಕಿನ ಚಿಕ್ಕಲ್ಲೂರು ಜಾತ್ರೆಗೆ ಬನ್ನಿ. ಬನದ ಹುಣ್ಣಿಮೆಯಿಂದ ಐದು ದಿನ. ಸಿದ್ಧಪ್ಪಾಜಿ ಒಕ್ಕಲು ಬಯಲಲ್ಲಿ ಬಿಡಾರ ಹಾಕಿ, ಮೂರು ಕಲ್ಲಿಟ್ಟು ಒಲೆ ಹೂಡಿ, ಪಂಕ್ತಿಸೇವೆ ದಿನ ಜಾತಿ ಕೇಳದೆ ಸಾಲಲ್ಲಿ ಕೂತು ಉಣ್ಣುವ ಜಾಗ ಅದು. ಅಲ್ಲಿಗೆ ಆಡು ಕುರಿ ಕೋಳಿ ಹೋಗದ ಹಾಗೆ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಹಿಡಿದುಕೊಂಡು ದಾರಿಯಲ್ಲಿ ಗಾಡಿ ತಪಾಸಣೆ ಮಾಡಿದ್ದನ್ನು ಕಂಡಿದ್ದೇವೆ. ಬಲಿ ಬೇರೆ, ಅಡುಗೆ ಬೇರೆ ಅಂತ ಭಕ್ತರು ವಾದ ಮಾಡುತ್ತಲೇ ಇದ್ದಾರೆ. ಬಯಲಲ್ಲಿ ಬಡವ ಬಾಡು ಬೇಯಿಸಿದರೆ ಪ್ರಶ್ನೆ. ಕಾಂಪೌಂಡ್ ಒಳಗೆ ಉಳ್ಳವನು ಬೇಯಿಸಿದರೆ ವೀಕೆಂಡ್. ಸ್ಮೋಕರ್ ಹಿಂದೆ ಇಷ್ಟು ದೊಡ್ಡ ಕತೆ ಇದೆ ಅನ್ನುವುದು ಗೊತ್ತಿದ್ದು ತನ್ನಿ.

ಈಗ ಆ ಡಬ್ಬಿ ವಿಷಯಕ್ಕೆ ಬರೋಣ. ಆಫ್‌ಸೆಟ್ ಸ್ಮೋಕರ್ ಅಂದರೆ ಬೆಂಕಿ ಒಂದು ಕಡೆ, ಬಾಡು ಇನ್ನೊಂದು ಕಡೆ. ಪಕ್ಕದಲ್ಲಿ ತುಸು ಕೆಳಗೆ ಒಂದು ಬೆಂಕಿ ಪೆಟ್ಟಿಗೆ, ಅದಕ್ಕೆ ಅಂಟಿದ ಉದ್ದನೆ ಕೊಳವೆ, ಕೊಳವೆಯ ಆ ತುದಿಗೆ ಚಿಮಣಿ. ಚಿಮಣಿ ಎಳೆದ ಹಾಗೆ ಶಾಖ ಮತ್ತು ಹೊಗೆ ಬಾಡಿನ ಮೇಲೆ ಹಾದು ಹೋಗುತ್ತವೆ. ಇದರಲ್ಲಿ ಮಾಯೆ ಮಂತ್ರ ಏನಿಲ್ಲ. ನಮ್ಮ ಆಲೆಮನೆ ಒಲೆ ನೋಡಿ: ಒಂದು ತುದಿಯಲ್ಲಿ ಒಲೆಬಾಯಿಗೆ ಕಬ್ಬಿನ ರಚ್ಚು ತುಂಬ್ತಾರೆ, ಮೇಲೆ ಕೊಪ್ಪರಿಗೆ, ಹಿಂದೆ ಚಿಮಣಿ. ಗಾಳಿ ಎಳೆತ ಕಮ್ಮಿ ಆದರೆ ಹಾಲು ಕುದಿಯಲ್ಲ ಅನ್ನುವುದು ಒಲೆ ಮುಂದೆ ಕೂತವನಿಗೆ ಗೊತ್ತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳಿಗೂ ಬೆಂಕಿ ಹಾಕುವುದು ಹೊರಗಿನಿಂದಲೇ. ಅಲ್ಲಿ ಹೊಗೆ ಎಲೆಗೆ ತಾಕದ ಹಾಗೆ ಕೊಳವೆಯಲ್ಲಿ ಹೋಗುತ್ತೆ, ಇಲ್ಲಿ ತಾಕಬೇಕು, ಅಷ್ಟೇ ವ್ಯತ್ಯಾಸ.

ಅಮೆರಿಕದಲ್ಲೂ ಇದು ಸಾಹೇಬರ ಅಡುಗೆಯಾಗಿ ಹುಟ್ಟಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ ರಾತ್ರಿಯಿಡೀ ಗುಂಡಿಯ ಬೆಂಕಿ ಕಾಯ್ದವರು ಗುಲಾಮರಾಗಿದ್ದ ಕಪ್ಪು ಜನ. ಟೆಕ್ಸಾಸ್ ಕಡೆ ತೈಲಬಾವಿ ಕೆಲಸದ ವೆಲ್ಡರುಗಳು ಮಿಕ್ಕಿದ ದಪ್ಪ ಪೈಪುಗಳನ್ನು ಕತ್ತರಿಸಿ ಬೆಸೆದ ಡಬ್ಬಿಗಳೇ ಇವತ್ತಿನ ಸ್ಮೋಕರ್‌ನ ಪೂರ್ವಿಕರು. ಅವರು ಬೇಯಿಸಿದ್ದು ಯಾರಿಗೂ ಬೇಡದ, ಅಗ್ಗದ, ನಾರುನಾರು ಮಾಂಸ. ಕೂಲಿಯವರು ಗುಜರಿಯಿಂದ ಮಾಡಿಕೊಂಡ ಸಾಮಾನನ್ನು ನಾವು ಆನ್‌ಲೈನಲ್ಲಿ ಮೂರು ಪಟ್ಟು ದುಡ್ಡು ಕೊಟ್ಟು ತರಿಸಿಕೊಂಡು ಮೀಸೆ ತಿರುವುವುದು ತಮಾಷೆಯಾಗಿದೆ.

ಅದೂ ತರಿಸುವುದು ಎಂಥದ್ದನ್ನ? ಬೆರಳಲ್ಲಿ ತಟ್ಟಿದರೆ ಎಣ್ಣೆ ಡಬ್ಬದ ಹಾಗೆ ಟಣ್ ಅನ್ನುವ ತಗಡು. 2 ಮಿಲಿಮೀಟರ್ ಇದ್ದರೆ ಹೆಚ್ಚು. ಲೆಕ್ಕ ಸುಲಭ: ಒಂದು ಚದರ ಮೀಟರ್ ಉಕ್ಕಿನ ತಗಡು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಸುಮಾರು 7.85 ಕೆಜಿ ತೂಗುತ್ತೆ. ಮೂರಡಿ ಉದ್ದ, ಒಂದೂವರೆ ಅಡಿ ಅಡ್ಡಗಲದ ಕೊಳವೆಯನ್ನು 6 ಮಿಲಿಮೀಟರ್ ಪ್ಲೇಟಲ್ಲಿ ಮಾಡಿದರೆ ಬರೀ ಅದೇ 77 ಕೆಜಿ ಆಸುಪಾಸು. ಒಂದೂವರೆ ಅಡಿ ಚೌಕದ ಬೆಂಕಿ ಪೆಟ್ಟಿಗೆ ಸೇರಿದರೆ 135 ಕೆಜಿ ದಾಟುತ್ತೆ. ಅದೇ ಅಳತೆ 2 ಮಿಲಿಮೀಟರಲ್ಲಿ 45 ಕೆಜಿ. ಆ ವ್ಯತ್ಯಾಸವೇ ರುಚಿ. ದಪ್ಪ ಕಬ್ಬಿಣ ಶಾಖ ಕುಡಿದು ಹಿಡ್ಕೊಳ್ಳುತ್ತೆ; ಗಾಳಿ ಬೀಸಿದರೂ, ಮುಚ್ಚಳ ತೆಗೆದರೂ ಬೇಗ ತಣ್ಣಗಾಗಲ್ಲ. ತಗಡು ಹಾಗಲ್ಲ, ಹತ್ತು ನಿಮಿಷಕ್ಕೊಮ್ಮೆ ಏರಿಳೀತಾ ಇರುತ್ತೆ, ಇಟ್ಟಷ್ಟು ಸೌದೆ ನುಂಗುತ್ತೆ. ಅಗ್ಗ ಅಂತ ತಂದ ಡಬ್ಬಿ ಎರಡು ಪಟ್ಟು ಮರ ಸುಡುವುದಾದರೆ ಅದು ಯಾವ ಸೀಮೆ ಅಗ್ಗ?

ಕೊಳ್ಳೇಗಾಲದಲ್ಲಿ ಟ್ರಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡಿಂಗ್ ಶಾಪುಗಳಿಗೆ ಬರ ಇಲ್ಲ. ಅವರಿಗೆ ಅಳತೆ ಹೇಳಿ, 6 ಮಿಲಿಮೀಟರ್ ಪ್ಲೇಟೇ ಬೇಕು ಅಂತ ಹಟ ಹಿಡಿದು ಕೂತು ಮಾಡಿಸಿ. ಬಾಗಿಲು ಬಿಗಿಯಾಗಿ ಕೂರಬೇಕು. ಬೆಂಕಿ ಪೆಟ್ಟಿಗೆಗೆ ಗಾಳಿಗಿಂಡಿ ದೊಡ್ಡದಾಗಿರಲಿ, ಬೇಕಾದಾಗ ಕಿರಿದು ಮಾಡುವ ಹಾಗಿರಲಿ. ಸೌದೆ ನೆಲಕ್ಕೆ ತಾಕದಂತೆ ಒಳಗೊಂದು ಕಂಬಿಯ ಜಾಲರಿ, ಅಡಿಯಲ್ಲಿ ಬೂದಿಗೆ ಜಾಗ. ಥರ್ಮಾಮೀಟರು ಬಾಡು ಇಡುವ ಜಾಲರಿ ಮಟ್ಟದಲ್ಲಿ. ಮುಚ್ಚಳದ ನೆತ್ತಿ ಮೇಲೆ ಇಟ್ಟರೆ ಅದು ತೋರಿಸುವುದು ಮುಚ್ಚಳದ ಬಿಸಿಯನ್ನ. ಗುಜರಿ ಡ್ರಮ್ಮು ಸಿಕ್ಕಿತು ಅಂತ ಹಿಗ್ಗಬೇಡಿ, ಒಳಗೆ ಏನಿತ್ತು ಅಂತ ಗೊತ್ತಿಲ್ಲದ ಡ್ರಮ್ಮಿನಲ್ಲಿ ಅಡುಗೆ ಮಾಡುವುದು ಹುಚ್ಚುತನ. ಸತುವಿನ ಲೇಪ ಇರುವ ಶೀಟು ಬೇಡವೇ ಬೇಡ, ಕಾದರೆ ವಿಷದ ಹೊಗೆ. ಗ್ಯಾಸ್ ಸಿಲಿಂಡರ್ ಕತ್ತರಿಸುವ ಸಾಹಸ ಯಾರಾದರೂ ಹೇಳಿಕೊಟ್ಟರೆ ಕೈಮುಗಿದು ವಾಪಸ್ ಬನ್ನಿ.

ಈಗ ಸೌದೆ. ಇಲ್ಲಿ ನನಗೆ ಸಿಟ್ಟು ಬರುತ್ತೆ.

ನಮ್ಮ ಮೂರು ತಾಲ್ಲೂಕಿನ ಸುತ್ತ ಕಾಡೇ ಕಾಡು. 1987ರಿಂದ ಕಾವೇರಿ ವನ್ಯಧಾಮ, 2013ರಿಂದ ಮಲೆ ಮಹದೇಶ್ವರ ವನ್ಯಧಾಮ, 2011ರಿಂದ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಕಾಡಂಚಿನ ಹೆಂಗಸು ತಲೆ ಮೇಲೆ ಒಂದು ಹೊರೆ ಪುಳ್ಳೆ ಹೊತ್ತು ಬಂದರೆ ತಡೆದು ಕೇಳುವವರಿದ್ದಾರೆ. ಅಲ್ಲೇ ಹುಟ್ಟಿ ಬೆಳೆದ ಸೋಲಿಗರು ತಮ್ಮ ಸಮುದಾಯದ ಅರಣ್ಯ ಹಕ್ಕು ಕಾಗದದ ಮೇಲೆ ಬರೆಸಿಕೊಳ್ಳೋಕೆ 2011ರ ಅಕ್ಟೋಬರ್‌ವರೆಗೆ ಕಾಯಬೇಕಾಯ್ತು. ಹಾಗಿರುವಾಗ, 'ಕಾಡಿನ ಗಟ್ಟಿ ಮರದ ಸೀಳು ಸಿಗುತ್ತಾ, ಚೆನ್ನಾಗಿ ಹೊಗೆ ಬರುತ್ತಂತೆ' ಅಂತ ಯಾರ್ಯಾರನ್ನೋ ವಿಚಾರಿಸುವವರನ್ನು ಏನನ್ನಬೇಕು? ಮತ್ತಿ, ದಿಂಡಿಗ, ಹೊನ್ನೆ ಯಾವುದೇ ಇರಲಿ, ರಸೀದಿ ಇಲ್ಲದೆ ರಾತ್ರಿ ಬರುವ ಸೌದೆ ಕದ್ದ ಸೌದೆ. ಗಂಧದ ಚಕ್ಕೆ ಹಾಕಿದರೆ ಪರಿಮಳ ಬರುತ್ತಾ ಅಂತ ಕೇಳಿದ ಮಹಾನುಭಾವರೂ ಇದ್ದಾರೆ. ಅಲ್ಲಾ ಸ್ವಾಮಿ, ಗಂಧದ ಮರ, ಆನೆದಂತ ಅಂತ ಹೋಗಿ ಈ ಬೆಟ್ಟಗಳಲ್ಲಿ ಎಷ್ಟು ನೆತ್ತರು ಹರೀತು ಅನ್ನುವುದು ನಿಮಗೆ ಗೊತ್ತಾ? 1991ರ ನವೆಂಬರ್‌ನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದದ್ದು ಈ ಕಾಡಿನಲ್ಲೇ. ಆ ಮಣ್ಣಲ್ಲಿ ನಿಂತು ಕೋಳಿಗೆ ಗಂಧದ ಹೊಗೆ ಕೊಡುವ ಮಾತಾಡಬಾರದು.

ಕಾಡಿಗೆ ಕೈ ಹಾಕುವ ಅಗತ್ಯವೇ ಇಲ್ಲ ಅನ್ನುವುದು ಇನ್ನೂ ಸಿಟ್ಟು ತರಿಸುವ ವಿಷಯ. ಇದು ರೇಷ್ಮೆ ಸೀಮೆ. ಹಿಪ್ಪುನೇರಳೆ ಅಮೆರಿಕದಲ್ಲಿ ಹೊಗೆ ಅಡುಗೆಗೆ ಬಳಸುವ ಹಣ್ಣಿನ ಮರಗಳಲ್ಲೊಂದು; ಹೊಗೆ ಮೆದು, ಒಂಚೂರು ಸಿಹಿ. ನಮ್ಮಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ಹೊಲದ ಬದಿಯಲ್ಲಿ ರಾಶಿ ಬಿದ್ದಿರುತ್ತೆ. ಹುಳುಕ್ಕೆ ಹಾಕುವ ಗಿಡಕ್ಕೆ ಯಾರೂ ಕಂಡಕಂಡ ವಿಷ ಹೊಡೆಯಲ್ಲ, ಹೊಡೆದರೆ ಹುಳುವೇ ಸಾಯುತ್ತೆ. ಬೆರಳು ಗಾತ್ರದ ಕಡ್ಡಿ ಬೆಂಕಿ ಹಚ್ಚೋಕೆ, ಉರಿ ಎಬ್ಬಿಸೋಕೆ ಸರಿ. ಹಳೇ ತೋಟ ಕಿತ್ತಾಗ ಸಿಗುವ ಬುಡಗಳು, ಮರವಾಗಿ ಬೆಳೆಸಿದ ಗಿಡದ ಕೊಂಬೆಗಳು ಗಂಟೆಗಟ್ಟಲೆ ಉರಿಯೋಕೆ ಆಗುತ್ತವೆ. ರೈತನಿಗೆ ನ್ಯಾಯವಾದ ದುಡ್ಡು ಕೊಟ್ಟು ತನ್ನಿ.

ಇನ್ನೊಂದು, ಬಳ್ಳಾರಿ ಜಾಲಿ. ಟೆಕ್ಸಾಸಿನವರು ಮೆಸ್ಕೀಟ್ ಅಂತ ತಲೆ ಮೇಲೆ ಹೊತ್ತು ಮೆರೆಸುವ ಮರ ಇದೆಯಲ್ಲ, ನಮ್ಮ ಬಳ್ಳಾರಿ ಜಾಲಿ ಅದರ ದಾಯಾದಿ. ಅದರ ಚಕ್ಕೆಯನ್ನು ಸಣ್ಣ ಪೊಟ್ಟಣದಲ್ಲಿ ಹಡಗು ಹತ್ತಿಸಿ ತರಿಸಿಕೊಳ್ಳುವವರು ಕೆರೆ ಏರಿ ಹತ್ತಿ ಒಮ್ಮೆ ಸುತ್ತ ನೋಡಲಿ. ಕೆರೆ ಅಂಗಳ ನುಂಗಿದ ಆ ಮುಳ್ಳುಗಿಡ ಕಡಿದಷ್ಟೂ ಊರಿಗೆ ಉಪಕಾರ. ಪಂಚಾಯ್ತಿಯವರನ್ನ ಕೇಳಿ ಕಡಿಯಿರಿ. ಅದರ ಹೊಗೆ ಖಾರ, ಹಸಿ ಇದ್ದರಂತೂ ಕಹಿ. ಚೆನ್ನಾಗಿ ಒಣಗಿಸಿ, ಬೇಗ ಬೇಯುವ ಕೋಳಿಗೆ ಬಳಸಿ. ಹುಣಸೆ, ಮಾವು, ಸೀಬೆ ತೋಟಗಳಲ್ಲಿ ಸವರಿದ ಕೊಂಬೆ ಒಳ್ಳೆಯದು. ಹನೂರು ಕಡೆ, ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನ ಸುತ್ತಮುತ್ತ ಮುಸುಕಿನ ಜೋಳ ಬೆಳೀತಾರೆ. ಕಾಳು ಬಿಡಿಸಿದ ದಿಂಡು ಬಿಸಾಡುವ ಸಾಮಾನಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ ಜೋಳದ ದಿಂಡಿನ ಹೊಗೆ ಕೊಟ್ಟ ಹಂದಿ ಮಾಂಸಕ್ಕೇ ಒಂದು ಹೆಸರಿದೆ.

ಬೇಡದ್ದು ಯಾವುದು? ನೀಲಗಿರಿ ಬೇಡ, ಬಾಡೆಲ್ಲ ಮುಲಾಮಿನ ವಾಸನೆ ಹೊಡೆಯುತ್ತೆ. ಬೇವು ಕಹಿ. ಕಣಗಿಲೆ, ಎಕ್ಕ ವಿಷ, ಹತ್ತಿರವೂ ಸುಳಿಯಬೇಡಿ. ಲಾಂಟಾನದ ಎಲೆ ತಿಂದ ದನವೇ ಕಾಯಿಲೆ ಬೀಳುತ್ತೆ, ಅದರ ಹೊಗೆ ಬಾಡಿಗೆ ಯಾಕೆ? ಪ್ಯಾಕಿಂಗ್ ಪೆಟ್ಟಿಗೆ, ಬಣ್ಣ ಹೊಡೆದ ಹಳೇ ಕಿಟಕಿ ಬಾಗಿಲು, ಪ್ಲೈವುಡ್ಡು ಇವು ಸೌದೆ ಅಲ್ಲ, ಕಸ.

ಹಸಿ ಸೌದೆ ಸುಡುವುದು ಎರಡನೇ ಪಾಪ. ಸೀಳಿ, ಮಳೆ ತಾಕದ ಕಡೆ ಗಾಳಿಯಾಡುವ ಹಾಗೆ ಒಟ್ಟಿ, ಆರು ತಿಂಗಳಿಂದ ಒಂದು ವರ್ಷ ಬಿಡಬೇಕು. ಎರಡು ಸೀಳು ಒಂದಕ್ಕೊಂದು ಬಡಿದರೆ ಟಕ್ ಅನ್ನಬೇಕು, ಡಬ್ ಅನ್ನಬಾರದು. ಬೆಳಿಗ್ಗೆ ಮೊದಲು ಕೆಂಡ ಮಾಡ್ಕೊಳ್ಳಿ. ಆಮೇಲೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಮುಂಗೈ ಗಾತ್ರದ ಒಂದು ಸೀಳು. ಅದನ್ನೂ ಮೊದಲೇ ಬೆಂಕಿ ಪೆಟ್ಟಿಗೆ ಮೇಲಿಟ್ಟು ಬಿಸಿ ಮಾಡಿದ್ದರೆ ಇಟ್ಟ ಕೂಡಲೇ ಹತ್ತಿಕೊಳ್ಳುತ್ತೆ. ಚಿಮಣಿ ಪೂರ್ತಿ ತೆರೆದಿರಲಿ, ಬಿಸಿ ಹೆಚ್ಚುಕಮ್ಮಿ ಮಾಡುವುದು ಗಾಳಿಗಿಂಡಿಯಲ್ಲಿ. ಬೆಳ್ಳಗೆ ದಟ್ಟವಾಗಿ ಹೊಗೆ ಎದ್ದರೆ 'ಆಹಾ' ಅನ್ನುವವರು ಹೆಚ್ಚು; ಅದು ಸರಿಯಾಗಿ ಉರಿಯದ ಬೆಂಕಿ. ಅದರಲ್ಲಿ ಬೆಂದ ಬಾಡು ನಾಲಿಗೆಗೆ ಮಸಿ ಬಳಿದ ಹಾಗಿರುತ್ತೆ. ಕಂಡೂ ಕಾಣದ ಹಾಗೆ ತೆಳ್ಳಗೆ ನೀಲಿ ಹೊಗೆ ಬರಬೇಕು. ನಮ್ಮ ಅವ್ವಂದಿರು ಇದನ್ನ ಒಂದೇ ಮಾತಲ್ಲಿ ಹೇಳ್ತಿದ್ದರು: 'ಉರ್ಸ್ಲಾ ಮಗ, ಒಗ ಆಡುಸ್ಬ್ಯಾಡ.'

ಬಾಡಿನ ವಿಷಯದಲ್ಲೂ ಗಿಳಿಪಾಠ ಬೇಡ. ವಿಡಿಯೋಗಳಲ್ಲಿ ತೋರಿಸುವ ಬ್ರಿಸ್ಕೆಟ್ ಅಂದರೆ ದನದ ಎದೆಭಾಗ. ಅಂಗೈ ದಪ್ಪ ಕೊಬ್ಬಿರುವ ದೊಡ್ಡ ತುಂಡನ್ನು ಅವರು ಹನ್ನೆರಡು ಗಂಟೆ ಬೇಯಿಸ್ತಾರೆ. 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಮಿಕ್ಕಿದ್ದನ್ನು ಕಡಿಯುವಂತಿಲ್ಲ ಅನ್ನುವ 2020ರ ಕಾಯ್ದೆ ಇರುವ ರಾಜ್ಯದಲ್ಲಿ ಆ ಪಾಠ ಹಿಡಿದು ಕೂರುವುದರಲ್ಲಿ ಅರ್ಥ ಇಲ್ಲ. ನಮ್ಮ ಆಡಿನ ತೊಡೆ ಸಣ್ಣದು, ಕೊಬ್ಬು ಕಮ್ಮಿ, ಹನ್ನೆರಡು ಗಂಟೆ ಇಟ್ಟರೆ ಸೌದೆಯೇ ಆಗುತ್ತೆ. ಪಕ್ಕದ ಬನ್ನೂರು ಸೀಮೆಯ ಬಂಡೂರು ಕುರಿಯ ಮುಂಗಾಲು ಭಾಗ, ಇಲ್ಲವೇ ಹಂದಿಯ ಭುಜ ಈ ಕೆಲಸಕ್ಕೆ ಹೇಳಿಸಿದ್ದು. 110ರಿಂದ 135 ಡಿಗ್ರಿ ಸೆಲ್ಸಿಯಸ್ ನಡುವೆ ಹಿಡಿದು, ಮೂಳೆ ಎಳೆದರೆ ಕೈಗೆ ಬರುವವರೆಗೆ, ಅಂದರೆ ಒಳಗಿನ ಬಿಸಿ 90 ದಾಟುವವರೆಗೆ ಬಿಡಿ. ನಡುವೆ 70ರ ಆಸುಪಾಸಲ್ಲಿ ಗಂಟೆಗಟ್ಟಲೆ ಏರದೆ ನಿಂತುಬಿಡುತ್ತೆ. ನೀರು ಆವಿಯಾಗಿ ಬಾಡು ಬೆವರುವ ಹೊತ್ತು ಅದು, ಗಾಬರಿಯಾಗಿ ಸೌದೆ ತುರುಕಬೇಡಿ. ಕೋಳಿಗೆ 135ಕ್ಕಿಂತ ಕಮ್ಮಿ ಬಿಸಿ ಬೇಡ, ಚರ್ಮ ರಬ್ಬರ್ ಆಗುತ್ತೆ. ಒಳಗೆ 74 ಡಿಗ್ರಿ ಮುಟ್ಟಲೇಬೇಕು.

ಇನ್ನು ಹೊಗೆ ಎಲ್ಲಿಗೆ ಹೋಗುತ್ತೆ? ಪಕ್ಕದವರ ಹುಳು ಮನೆಗೆ ಹೋದರೆ? ರೇಷ್ಮೆ ಹುಳುಕ್ಕೆ ಹೊಗೆ ಆಗಿಬರಲ್ಲ. ಹುಳು ಮನೆ ಹತ್ತಿರ ಬೀಡಿ ಹಚ್ಚಿದವನನ್ನೇ ಬೈದು ಆಚೆ ಕಳಿಸ್ತಾರೆ. ನಾಲ್ಕನೇ ಜ್ವರ ಎದ್ದು, ಚಂದ್ರಿಕೆಗೆ ಬಿಡುವ ದಿನ ಎಣಿಸ್ತಾ ಸಾಲ ತೀರಿಸುವ ಲೆಕ್ಕ ಹಾಕ್ತಿರುವ ರೈತನ ಪಕ್ಕದಲ್ಲಿ ನಿಮ್ಮ ಭಾನುವಾರದ ಹೊಗೆ ಎದ್ದರೆ ಅದು ಹವ್ಯಾಸ ಅಲ್ಲ, ಅವನ ಅನ್ನಕ್ಕೆ ಮಣ್ಣು. ಸ್ಮೋಕರ್ ಹಚ್ಚುವ ಮೊದಲು ಬೇಲಿ ಹತ್ತಿರ ಹೋಗಿ, 'ಅಣ್ಣಾ, ಹುಳು ಅವಾ? ಎಷ್ಟ್ನೇ ಜ್ವರ?' ಅಂತ ಒಂದು ಮಾತು ಕೇಳಿ. ಹುಳು ಇದ್ದರೆ ಆ ವಾರ ಹಚ್ಚಬೇಡಿ. ಕಾಡಂಚಿನ ಜಮೀನಾದರೆ ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಹಚ್ಚಲೇಬೇಡಿ. ಒಂದು ಕಿಡಿ ಸಾಕು, ಬೆಟ್ಟಕ್ಕೆ ಬೆಂಕಿ ಬಿದ್ದರೆ ನಿಮ್ಮ ಬೋರ್‌ವೆಲ್ ನೀರು ಸಾಲಲ್ಲ.

ಕೊನೆಗೆ ಬೆಂಕಿ ಕಾಯುವವರು. ಯಜಮಾನರು ಸ್ನೇಹಿತರ ಜೊತೆ ಕೂತಿರ್ತಾರೆ; ಬೆಳಿಗ್ಗೆ ಐದಕ್ಕೆ ಎದ್ದು ಬೆಂಕಿ ಹಚ್ಚಿ, ಎಂಟು ಗಂಟೆ ಹೊಗೆಯ ಮುಂದೆ ನಿಂತು, ಸಂಜೆ ಜಿಡ್ಡು ಬೂದಿ ಬಳಿಯುವವನು ತೋಟದ ಆಳು, ಇಲ್ಲ ಅವನ ಹೆಂಡತಿ. ಅವರ ತಟ್ಟೆಗೆ ಮಾತ್ರ ಮೂಳೆ. ಹೀಗಾದರೆ ನಿಮ್ಮದು ಯಾವ ಹವ್ಯಾಸ? ಕೂಲಿಗೆ ಹೊಗೆ ಕುಡಿಸುವುದು, ಅಷ್ಟೆ. ಸೌದೆ ನೀವೇ ಸೀಳಿ, ಬೂದಿ ನೀವೇ ಬಳಿಯಿರಿ, ಗಾಳಿ ಬರುವ ಕಡೆಗೆ ನೀವೇ ಸ್ಟೂಲ್ ಹಾಕ್ಕೊಂಡು ಕೂರಿ. ಆಗದು ಅನ್ನುವವರು ಹೋಟೆಲಿಗೆ ಹೋಗಿ, ಪಾಪ ಏನಿಲ್ಲ.

'ನನ್ನ ಜಮೀನು, ನನ್ನ ದುಡ್ಡು, ನಿಂದೇನು?' ಅನ್ನಬಹುದು. ಜಮೀನು ನಿಮ್ಮದೇ. ಆದರೆ ಮರ ಬೆಳೆದ ಬೆಟ್ಟ ನಿಮ್ಮದಲ್ಲ, ಹೊಗೆ ಹೋಗುವ ಗಾಳಿ ನಿಮ್ಮದಲ್ಲ, ಪಕ್ಕದ ಹುಳು ನಿಮ್ಮದಲ್ಲ. 'ಒಂದು ಸ್ಮೋಕರ್‌ನಿಂದ ಕಾಡೇನು ಖಾಲಿ ಆಗುತ್ತಾ?' ಅನ್ನುವ ಮಾತೂ ಕೇಳಿದ್ದೇನೆ. ಆಗಲ್ಲ. ಒಂದು ಹೊರೆ ಪುಳ್ಳೆಯಿಂದಲೂ ಆಗಲ್ಲ. ಆದರೂ ಹೊರೆ ಹೊತ್ತವಳನ್ನು ನಿಲ್ಲಿಸಿ ಕೇಳ್ತೀವಲ್ಲ. ಅವಳಿಗೆ ಕೇಳುವ ಪ್ರಶ್ನೆಯನ್ನೇ ನಿಮಗೂ ಕೇಳ್ತಿದ್ದೇನೆ. ಸೌದೆ ಎಲ್ಲಿಂದ ಬಂತು ಸ್ವಾಮಿ?

ಅದಕ್ಕೆ ನೆಟ್ಟಗೆ ಉತ್ತರ ಕೊಡುವವರು ಖಂಡಿತ ಮಾಡಿಸಿ. ದಪ್ಪ ಪ್ಲೇಟಲ್ಲಿ, ಊರ ವೆಲ್ಡರ್ ಕೈಯಲ್ಲಿ, ಹಿಪ್ಪುನೇರಳೆ ಬುಡ ಒಟ್ಟಿಕೊಂಡು. ಬೆಂದ ಮೇಲೆ ಕಡ್ಡಿ ಕೊಟ್ಟ ರೈತನನ್ನೂ, ಪ್ಲೇಟು ಬೆಸೆದವನನ್ನೂ, ತೋಟದ ಆಳನ್ನೂ ಕರೆದು ಒಂದೇ ಸಾಲಲ್ಲಿ ಎಲೆ ಹಾಕಿಸಿ, ನೀವೂ ಅದೇ ಸಾಲಲ್ಲಿ ಕೂರಿ. ಚಿಕ್ಕಲ್ಲೂರಿನ ಬಯಲಲ್ಲಿ ಜನ ಮೂರು ಕಲ್ಲು, ಒಂದು ಮಡಕೆ ಇಟ್ಟುಕೊಂಡು ಮಾಡುವುದನ್ನ 135 ಕೆಜಿ ಕಬ್ಬಿಣ ಇಟ್ಟುಕೊಂಡವರಿಗೆ ಮಾಡೋಕಾಗಲ್ಲ ಅಂದರೆ ಆ ಕಬ್ಬಿಣವನ್ನ ಗುಜರಿಗೆ ಹಾಕಿ.